ನೇತ್ರಾಣಿಯ ನೀರಿನಡಿ

ಉಡುಪಿ, ಮಣಿಪಾಲ, ಕಾರ್ಕಳದ ಕಡೆಯವರಿಗೆ ಸಮೀಪದಲ್ಲಿ ಸ್ಕೂಬಾ ಡೈವಿಂಗ್‌ಗೆ ಹೆಸರಾದ ಜಾಗ ನೇತ್ರಾಣಿ. ಉತ್ತರ ಕನ್ನಡದ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ, ಅರಬ್ಬಿ ಸಮುದ್ರದಲ್ಲಿರುವ ಈ ದ್ವೀಪಕ್ಕೆ ಪಾರಿವಾಳ ದ್ವೀಪವೆಂಬ ಹೆಸರೂ ಇದೆ. ಉಡುಪಿಯಿಂದ ಮುರುಡೇಶ್ವರಕ್ಕೆ ಹೆದ್ದಾರಿಯಲ್ಲಿ ನೂರು ಕಿ.ಮೀ. ಆಸುಪಾಸು, ಮುಂದೆ ದೋಣಿ.

ಕಾಪು, ಮಲ್ಪೆಯ ಕಡಲು ಪಕ್ಕದಲ್ಲೇ ಇರುವಾಗ ಅಷ್ಟು ದೂರವೇಕೆ? ದಡದ ಬಳಿ ಅಲೆ ಮರಳನ್ನು ಕದಡುತ್ತದೆ, ಹೊಳೆಗಳು ಕೆಸರು ತರುತ್ತವೆ. ನೀರೊಳಗೆ ಕಣ್ಣು ಹಾಯುವುದು ಕಡಿಮೆ. ನೇತ್ರಾಣಿ ದಡದಿಂದ ದೂರ, ಸುತ್ತ ಬಂಡೆ ಮತ್ತು ಹವಳ. ಹಾಗಾಗಿ ನೀರೂ ತಿಳಿ, ಮೀನೂ ಹೆಚ್ಚು. ಮಳೆಗಾಲದಲ್ಲಿ ಮಾತ್ರ ಅಲ್ಲಿ ಡೈವಿಂಗ್ ಇಲ್ಲ.

ಈಜು ಬಾರದವರೂ ತರಬೇತುದಾರರ ಜೊತೆ ಇಳಿಯಬಹುದು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಏರುವುದರಿಂದ ಕಿವಿ ನೋಯುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಸರಿಪಡಿಸಿಕೊಳ್ಳಬೇಕು. ಉಸಿರನ್ನಂತೂ ಎಂದೂ ಬಿಗಿಹಿಡಿಯಬಾರದು: ಮೇಲೇರುವಾಗ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯಬಲ್ಲದು. ನೆಗಡಿಯಿದ್ದರೆ ಆ ದಿನ ಇಳಿಯದಿರುವುದೇ ಲೇಸು. ಉಬ್ಬಸ, ಹೃದಯದ ತೊಂದರೆ ಇದ್ದವರು ಮೊದಲೇ ವೈದ್ಯರನ್ನು ಕೇಳಬೇಕು. ಡೈವ್ ಮುಗಿಸಿ ಅದೇ ಸಂಜೆ ಮಂಗಳೂರಿನಿಂದ ವಿಮಾನ ಹತ್ತುವ ಯೋಜನೆ ಬೇಡ. 18 ಗಂಟೆ ಬಿಡುವುದು ಕ್ಷೇಮ.