ಹಿಟ್ಟಿನ ಕೋಳಿಯ ಕೂಗು

ಇಂಗ್ಲಿಷ್ ಸಾಹಿತ್ಯದಲ್ಲಿ ಗಾಥಿಕ್ ಕಾದಂಬರಿಗಳೆಂಬ ಒಂದು ಮನೆತನವುಂಟು. ಕತ್ತಲೆ ಕವಿದ ಕೋಟೆ, ಪಾಳುಬಿದ್ದ ಮಠ, ಪೂರ್ವಜರ ಪಾಪ, ಸತ್ತರೂ ಸುಮ್ಮನಿರದ ಜೀವಗಳು ಆ ಮನೆತನದ ಪಿತ್ರಾರ್ಜಿತ ಆಸ್ತಿ. ಅದರ ಮೂಲಪುರುಷ ಹೊರೇಸ್ ವಾಲ್ಪೋಲ್. 1764ರಲ್ಲಿ 'ಆಟ್ರಾಂಟೋ ಕೋಟೆ'ಯನ್ನು ಬರೆದ ಆತ, ತಾನು ಕಂಡ ಒಂದು ಕನಸೇ ಆ ಕಥೆಗೆ ಮೂಲವೆಂದು ಗೆಳೆಯನೊಬ್ಬನಿಗೆ ಪತ್ರದಲ್ಲಿ ತಿಳಿಸಿದ್ದಾನೆ. ಹಳೆಯ ಕೋಟೆಯೊಂದರ ಮೆಟ್ಟಿಲಿನ ಕಟಾಂಜನದ ಮೇಲೆ ಲೋಹಕವಚ ತೊಟ್ಟ ದೈತ್ಯಹಸ್ತವೊಂದು ಕಂಡಿತಂತೆ. ಕನಸಿನಿಂದ ಹುಟ್ಟಿದ ಇಂಥ ಸಾಹಿತ್ಯವನ್ನು, ಕನಸನ್ನು ಒಡೆದು ನೋಡುವುದನ್ನೇ ಕಸುಬಾಗಿಸಿಕೊಂಡ ಮನೋವಿಶ್ಲೇಷಣಶಾಸ್ತ್ರವು ಬಿಟ್ಟೀತೆ?

ಎಮಿಲಿ ಬ್ರಾಂಟೆಯ 'ವದರಿಂಗ್ ಹೈಟ್ಸ್' (1847) ಈ ಮನೆತನದಲ್ಲಿ ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುವ ಕೃತಿ. ಅದರ ದುರಂತಪಾತ್ರಗಳನ್ನು ಕುರಿತ ಮನೋವಿಶ್ಲೇಷಕ ವಿಮರ್ಶೆಯ ಸಾರ ಸಾಮಾನ್ಯವಾಗಿ ಇಷ್ಟು: ಲಿವರ್‌ಪೂಲಿನ ಬೀದಿಯಿಂದ ಎತ್ತಿ ತಂದ ಅನಾಥ ಹೀತ್‌ಕ್ಲಿಫ್ ಎಂದರೆ ಕಡಿವಾಣವಿಲ್ಲದ ಮೂಲವಾಸನೆ; ಸಭ್ಯ ಗೃಹಸ್ಥನಾದ ಎಡ್ಗರ್ ಲಿಂಟನ್ ಎಂದರೆ ಸಮಾಜದ ಕಟ್ಟುಪಾಡು; ಇವರಿಬ್ಬರ ನಡುವೆ ಸೀಳಿಹೋಗುವ ಕ್ಯಾಥರೀನಳೇ ಮನುಷ್ಯನ 'ನಾನು'. ಹೀಗೆ ಮೂವರಿಗೂ ಹಣೆಪಟ್ಟಿ ಕಟ್ಟಿದ ಮೇಲೆ ಕಾದಂಬರಿಯಲ್ಲಿ ಓದುವುದಕ್ಕೆ ಏನು ಉಳಿಯಿತೋ ನಾನರಿಯೆ. ನನ್ನ ಮನಸ್ಸು ನಿಲ್ಲುವುದು ಬೇರೊಂದು ಕಡೆ. ಕಥೆಯ ಮೊದಲಲ್ಲಿ ಆ ಮನೆಗೆ ಬರುವ ಲಾಕ್‌ವುಡ್ ನಿರುಪದ್ರವಿ, ನಾಗರಿಕ. ಹಿಮ ಸುರಿಯುವ ರಾತ್ರಿ ಅಲ್ಲಿಯೇ ತಂಗಬೇಕಾಗಿ ಬಂದಾಗ ಆತ ಒಂದು ಕನಸು ಕಾಣುತ್ತಾನೆ. ಕಿಟಕಿಯಾಚೆಯಿಂದ ಹುಡುಗಿಯೊಬ್ಬಳ ಪ್ರೇತ ಒಳಗೆ ಬಿಡೆಂದು ಮೊರೆಯಿಡುತ್ತದೆ. ಲಾಕ್‌ವುಡ್ ಆ ಎಳೆಯ ಮಣಿಕಟ್ಟನ್ನು ಒಡೆದ ಗಾಜಿಗೆ ಉಜ್ಜುತ್ತಾನೆ. ಹಾಸಿಗೆ ರಕ್ತದಲ್ಲಿ ತೊಯ್ಯುತ್ತದೆ. ಹೀತ್‌ಕ್ಲಿಫ್ ಎಚ್ಚರದಲ್ಲಿ ನಡೆಸುವ ಕ್ರೌರ್ಯಕ್ಕಿಂತ ಈ ಸಭ್ಯನು ಕನಸಿನಲ್ಲಿ ಎಸಗುವ ಕ್ರೌರ್ಯ ಹೆಚ್ಚು ಭಯಂಕರ. ಹೀತ್‌ಕ್ಲಿಫ್ ತನ್ನ ಮನಸ್ಸನ್ನು ಯಾರಿಂದಲೂ ಮುಚ್ಚಿಟ್ಟವನಲ್ಲ. ಮುಚ್ಚಿಟ್ಟವನ ಹತ್ತಿರವಲ್ಲವೆ ಮನೋವಿಶ್ಲೇಷಣೆಗೆ ಕೆಲಸ?

ಇದೇ ಪ್ರಶ್ನೆಯನ್ನು ಹಿಡಿದು ನಮ್ಮ ಜನ್ನನ ಬಳಿಗೆ ಹೋಗಬೇಕೆಂಬುದು ಈ ಬರಹದ ಉದ್ದೇಶ. 1209ರ 'ಯಶೋಧರ ಚರಿತೆ' ಕಾದಂಬರಿಯಲ್ಲ. ನಾಲ್ಕು ಅವತಾರಗಳಲ್ಲಿ, ಬಹುಪಾಲು ಕಂದಪದ್ಯಗಳಲ್ಲಿ ಹರಿಯುವ ಕಿರುಕಾವ್ಯ. ಆದರೆ ವಾಲ್ಪೋಲನಿಗಿಂತ ಐದೂವರೆ ಶತಮಾನ ಹಿಂದೆಯೇ ಹೊಯ್ಸಳರ ಈ ಕವಿಚಕ್ರವರ್ತಿಯ ಕೈಯಲ್ಲಿ ಗಾಥಿಕ್ ಸಾಮಗ್ರಿಯೆಲ್ಲ ಸಿದ್ಧವಾಗಿತ್ತು: ಚಂಡಮಾರಿಯ ಗುಡಿ, ನರಬಲಿಗೆಂದು ಹಿಡಿದು ತಂದ ಅಣ್ಣತಂಗಿಯರು, ನಡುರಾತ್ರಿ ಗಜಶಾಲೆಯಿಂದ ತೇಲಿಬರುವ ಹಾಡು, ವಿಷದ ಲಡ್ಡುಗೆ, ಜನ್ಮದಿಂದ ಜನ್ಮಕ್ಕೆ ಬೆನ್ನಟ್ಟುವ ಪಾಪ.

ಕಥೆ ಬಲ್ಲವರೂ ಒಮ್ಮೆ ನೆನೆಯಲಿ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ. ಆನೆಯ ಮಾವುತನೊಬ್ಬನ ಹಾಡನ್ನು ಕೇಳಿ ಅವಳ ಮನಸ್ಸು ಅವನಿಗೆ ಸೋಲುತ್ತದೆ. ನೋಡಿಬರಲು ಹೋದ ಸಖಿ ಅವನ ಕುರೂಪವನ್ನು ಹೇಸಿಗೆಯಿಂದ ಬಣ್ಣಿಸಿದರೂ ರಾಣಿ ಹಿಂಜರಿಯುವುದಿಲ್ಲ. ಒಂದು ರಾತ್ರಿ ಅರಸ ನಿದ್ದೆಯ ನಟನೆ ಮಾಡಿ ಅವಳನ್ನು ಹಿಂಬಾಲಿಸುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಬಡಿಯುವುದನ್ನೂ ಅವಳು ಅವನನ್ನೇ ಓಲೈಸುವುದನ್ನೂ ಕಾಣುತ್ತಾನೆ. ಖಡ್ಗ ಮೇಲೇಳುತ್ತದೆ, ಇಂಥವರ ಮೇಲೆ ಬೀಳತಕ್ಕದ್ದಲ್ಲವೆಂದು ತಡೆಯುತ್ತದೆ. ಅರಸ ಹಿಂದಿರುಗಿ ಮಲಗುತ್ತಾನೆ. ಮರುದಿನ ನೆಯ್ದಿಲೆಯ ಹೂವಿನಿಂದ ಅವಳನ್ನು ಮೆಲ್ಲಗೆ ಹೊಡೆಯುತ್ತಾನೆ. ಅವಳು ಮೂರ್ಛೆ ಬಂದಂತೆ ನಟಿಸುತ್ತಾಳೆ. ತಾಯಿ ಚಂದ್ರಮತಿ ಮಗನ ಮುಖ ಬಾಡಿರುವುದನ್ನು ಕಂಡು ಕೇಳಿದಾಗ ಆತ ಕೆಟ್ಟ ಕನಸನ್ನು ಕಂಡೆನೆನ್ನುತ್ತಾನೆ. ಕನಸಿನ ಶಾಂತಿಗೆ ಪ್ರಾಣಿಬಲಿಯಾಗಬೇಕೆಂದು ಆಕೆಯ ಹಟ. ಹಿಂಸೆ ಕೂಡದೆಂದು ಅವನ ಹಟ. ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯುವುದೆಂದು ಒಪ್ಪಂದವಾಗುತ್ತದೆ. ಖಡ್ಗ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ!

ಈ ಕಾವ್ಯವನ್ನು ಕುರಿತ ನಮ್ಮ ವಿಮರ್ಶೆ ಬಹುಮಟ್ಟಿಗೆ ಅಮೃತಮತಿಯ ಸುತ್ತಲೇ ಗಿರಕಿ ಹೊಡೆದಿದೆ. ನೀತಿವಾದಿಗಳು ಅವಳನ್ನು ಜಾರೆಯೆಂದು ತಳ್ಳಿದರು. ಮನಶ್ಶಾಸ್ತ್ರವನ್ನು ಓದಿದವರು ಪೆಟ್ಟು ತಿಂದು ಸುಖಿಸುವ ವಿಕೃತಿಯೆಂದು ಹೆಸರಿಟ್ಟರು. ದೊಡ್ಡಬಳ್ಳಾಪುರದ ನಮ್ಮ ತರಗತಿಯಲ್ಲಿ ಪ್ರತಿವರ್ಷವೂ ಒಬ್ಬಳಲ್ಲ ಒಬ್ಬ ವಿದ್ಯಾರ್ಥಿನಿ ಎದ್ದು, "ಹಾಡಿಗೆ ಮನಸೋತದ್ದು ತಪ್ಪೇ ಸಾರ್?" ಎನ್ನುತ್ತಾಳೆ. ಹಿಂದಿನ ಬೆಂಚಿನ ಹುಡುಗರು ನಗುತ್ತಾರೆ. ಪ್ರಶ್ನೆ ನಗುವಂಥದಲ್ಲ. ನಾನು ಕೊಡುವ ಉತ್ತರವಿಷ್ಟೆ: ಅವಳು ಗಂಡನಿಗೆ ವಂಚಿಸಿದಳು, ಕಡೆಗೆ ಕೊಂದಳು, ಅದನ್ನು ಮರೆಯಲಾಗದು; ಆದರೆ ತನಗೆ ತಾನು ವಂಚಿಸಿಕೊಳ್ಳಲಿಲ್ಲ. ತನಗೆ ಬೇಕಾದದ್ದೇನೆಂದು ಅವಳಿಗೆ ತಿಳಿದಿತ್ತು. ಸಖಿಯೊಡನೆ ಬಾಯಿಬಿಟ್ಟು ಹೇಳಿದಳು ಕೂಡ. ದಮನವೇ ಇಲ್ಲದ ಕಡೆ ಮನೋವಿಶ್ಲೇಷಕನು ಅಗೆದು ತೆಗೆಯುವುದೇನನ್ನು? ಕಾಮದ ಮಾಯೆಗೆ ವಿಧಿಯೂ ಜೊತೆಗೂಡಿದರೆ ಮನುಷ್ಯ ಉಳಿದಾನೆ ಎಂಬರ್ಥದ ಮಾತನ್ನಾಡಿ ಜನ್ನ ಮುಂದೆ ಸಾಗುತ್ತಾನೆ. 'ಅನುಭವಮುಕುರ'ವೆಂಬ ಕಾಮಶಾಸ್ತ್ರದ ಕಿರುಹೊತ್ತಗೆಯನ್ನೂ ಬರೆದ ಕವಿಗೆ ಇಷ್ಟು ಸಂಯಮವಿದ್ದುದು ಸೋಜಿಗವೇ ಸರಿ.

ಪರೀಕ್ಷಿಸಬೇಕಾದ ಮನಸ್ಸು ಯಶೋಧರನದು. ಆತ ನಮ್ಮ ಲಾಕ್‌ವುಡ್.

ಆ ರಾತ್ರಿ ಎತ್ತಿದ ಖಡ್ಗ ಎಲ್ಲಿ ಹೋಯಿತು? ಕುಲದ ಹೆಮ್ಮೆ, ಅಹಿಂಸೆಯ ಸಂಸ್ಕಾರ, ರಾಜಗಾಂಭೀರ್ಯ ಎಲ್ಲ ಸೇರಿ ಅದನ್ನು ಒರೆಗೆ ಸೇರಿಸಿದವು. ಕೋಪ ಒರೆಗೆ ಸೇರಿತೆ? ಮರುದಿನ ಅದು ಹೂವಾಗಿ ಹೊರಬಂದಿತು. ಹೂವಿನ ಪೆಟ್ಟೂ ಪೆಟ್ಟೇ. ಸರಸದ ವೇಷ ತೊಟ್ಟಿದೆ, ಅಷ್ಟೆ. ಆಮೇಲೆ ಆತ ತಾಯಿಯ ಮುಂದೆ ಕಣ್ಣಾರೆ ಕಂಡದ್ದನ್ನು ಕನಸು ಮಾಡಿದ. ಫ್ರಾಯ್ಡನು 1900ರ ಮುದ್ರೆಯೊಡನೆ ಪ್ರಕಟಿಸಿದ ಸ್ವಪ್ನಗ್ರಂಥದ ಪ್ರಕಾರ, ಒಳಗಿನ ಒಪ್ಪಲಾಗದ ಬಯಕೆ ವೇಷ ಮರೆಸಿಕೊಂಡು ಕನಸಾಗುತ್ತದೆ. ಯಶೋಧರನಲ್ಲಿ ಅದು ತಿರುಗುಮುರುಗು: ಎಚ್ಚರದಲ್ಲಿ ಕಂಡ ಒಪ್ಪಲಾಗದ ಸತ್ಯಕ್ಕೆ ಆತನೇ ಬೇಕೆಂದು ಕನಸಿನ ವೇಷ ಹಾಕುತ್ತಾನೆ. ಆದರೆ ಒಮ್ಮೆ ಕನಸೆಂದ ಮೇಲೆ ಅದು ಅವನ ಹಿಡಿತದಲ್ಲಿ ಉಳಿಯುವುದಿಲ್ಲ. ಕನಸೆಂದರೆ ಫಲ, ಫಲವೆಂದರೆ ಶಾಂತಿ, ಶಾಂತಿಯೆಂದರೆ ಬಲಿ. ಹೇಳದೆ ನುಂಗಿದ ಸತ್ಯವು ಹೀಗೆ ಸುತ್ತಿ ಬಳಸಿ, ಮತ್ತೆ ಅವನ ಕೈಗೆ ಖಡ್ಗವನ್ನೇ ಕೊಡುತ್ತದೆ. ರಾತ್ರಿ ಇಬ್ಬರ ಮೇಲೆ ಬೀಳಬೇಕಾಗಿದ್ದ ಪೆಟ್ಟು ಹಗಲಿನಲ್ಲಿ ಹಿಟ್ಟಿನ ಮುದ್ದೆಯ ಮೇಲೆ ಬೀಳುತ್ತದೆ. ಮನೋವಿಶ್ಲೇಷಕರು ಇದನ್ನು ಸ್ಥಾನಪಲ್ಲಟವೆನ್ನುತ್ತಾರೆ. ನಮ್ಮ ಹಳ್ಳಿಯ ಹೆಂಗಸರು, ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ಈ ಶಾಸ್ತ್ರವನ್ನು ಎಂದೋ ಮುಗಿಸಿಬಿಟ್ಟಿದ್ದಾರೆ.

ಬದಲಿ ಬಲಿಯೆಂಬುದು ನಮಗೇನೂ ಹೊಸತಲ್ಲ. ಆಯುಧಪೂಜೆಯ ದಿನ ನೇಯ್ಗೆಯವರ ಈ ಊರಿನಲ್ಲಿ ಮಗ್ಗಗಳಿಗೆ ಪೂಜೆಯಾಗುತ್ತದೆ. ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ನೆಲಕ್ಕೆ ಅಪ್ಪಳಿಸಿದಾಗ ಕಲ್ಲಿನ ಮೇಲೆ ಕೆಂಪು ಹರಿಯುತ್ತದೆ. ಆ ಕೆಂಪು ಏನೆಂದು ಎಲ್ಲರಿಗೂ ಗೊತ್ತು, ಕೇಳುವವರಿಲ್ಲ. ಕುಂಬಳಕಾಯಿ ಕೂಗುವುದಿಲ್ಲ, ನಾವು ನೆಮ್ಮದಿಯಾಗಿ ಪ್ರಸಾದ ತೆಗೆದುಕೊಂಡು ಮನೆಗೆ ಬರುತ್ತೇವೆ. ಜನ್ನನ ಕೋಳಿ ಕೂಗಿತು.

ಅದರ ಚೆಲುವಿಗೆ ಮರುಳಾದ ಬೆಂತರವೊಂದು ಒಳಹೊಕ್ಕಿದ್ದುದರಿಂದ ಕೂಗಿತೆಂದು ಕಾವ್ಯ ಕಾರಣ ಕೊಡುತ್ತದೆ. 1919ರಲ್ಲಿ ಫ್ರಾಯ್ಡ್, ಪರಿಚಿತವಾದದ್ದೇ ಅಪರಿಚಿತವಾಗಿ ಬಂದು ಬೆದರಿಸುವ ಒಂದು ಬಗೆಯ ಭೀತಿಯನ್ನು ಕುರಿತು ಪ್ರಬಂಧ ಬರೆದ. ಹಾಫ್‌ಮನ್ನನ ಕಥೆಯೊಂದರ ಗೊಂಬೆಹುಡುಗಿಯ ಪ್ರಸ್ತಾಪ ಅಲ್ಲಿ ಬರುತ್ತದೆ: ಜಡವೆಂದುಕೊಂಡದ್ದು ಜೀವ ತೋರಿದಾಗ ಮೈ ಜುಮ್ಮೆನ್ನುವುದೇಕೆ? ನಾವು ಮರೆತು ಮುಚ್ಚಿಟ್ಟಿದ್ದೊಂದು ಅದರಲ್ಲಿ ಮರಳಿ ಬಂದಿರುತ್ತದೆ ಎಂಬುದು ಆತನ ಉತ್ತರ. ಯಶೋಧರನ ಕಿವಿಗೆ ಬಿದ್ದ ಕೂಗು ಬೆಂತರದ್ದೋ, ಗಜಶಾಲೆಯ ಕತ್ತಲೆಯಲ್ಲಿ ಅವನ ಖಡ್ಗ ಹೊರಡಿಸದೆ ಬಿಟ್ಟ ಕೂಗೋ? ಕಾವ್ಯದಲ್ಲಿ ಎರಡಕ್ಕೂ ಎಡೆಯಿದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಸಂಕಲ್ಪಹಿಂಸೆಯೂ ಹಿಂಸೆಯೇ ಎಂದು ಜೈನಧರ್ಮ ಸ್ಪಷ್ಟವಾಗಿ ಸಾರಿರುವಾಗ ವಿಯೆನ್ನಾದ ವೈದ್ಯನನ್ನು ಕರೆತರುವುದೇಕೆ? ಆಕ್ಷೇಪ ನ್ಯಾಯವಾದದ್ದು. ಬಯಸಿದ ಕೊಲೆಗೂ ಮಾಡಿದ ಕೊಲೆಗೂ ಮನಸ್ಸಿನ ನ್ಯಾಯಾಲಯದಲ್ಲಿ ಒಂದೇ ಶಿಕ್ಷೆಯೆಂದು ಫ್ರಾಯ್ಡ್ 1913ರ 'ಟೋಟೆಂ ಮತ್ತು ಟ್ಯಾಬೂ'ವಿನಲ್ಲಿ ಹೇಳಿದ್ದನ್ನು ಜೈನಾಚಾರ್ಯರು ಶತಮಾನಗಳ ಹಿಂದೆಯೇ ಹೇಳಿದ್ದರು. ಆದರೂ ಒಂದು ವ್ಯತ್ಯಾಸವುಂಟು. ಧರ್ಮವು ಸಂಕಲ್ಪವಿತ್ತೆ ಎಂದು ಕೇಳುತ್ತದೆ; ಮನೋವಿಶ್ಲೇಷಣೆ ಯಾರ ಮೇಲಿನ ಸಂಕಲ್ಪವೆಂದು ಕೇಳುತ್ತದೆ. ಕೋಳಿಯನ್ನು ಕೊಂದ ಪಾಪವೆಂದಷ್ಟೇ ಓದಿದರೆ, ಹಿಟ್ಟನ್ನು ಕಡಿದವನಿಗೆ ಇಷ್ಟು ಜನ್ಮಗಳ ಶಿಕ್ಷೆಯೇ ಎಂದು ಇಂದಿನ ಓದುಗ ಬೆರಗಾಗುತ್ತಾನೆ. ಪೆಟ್ಟು ಮನುಷ್ಯರಿಗೆ ಮೀಸಲಾಗಿತ್ತೆಂದು ಕಂಡರೆ ಆ ಬೆರಗು ಕಡಮೆಯಾಗುತ್ತದೆ.

ತಾಯಿಯ ವಿಷಯವನ್ನು ಸಂಕೋಚದಿಂದಲೇ ಮುಟ್ಟಬೇಕು. ವಿಷವುಂಡು ಸತ್ತ ತಾಯಿಮಕ್ಕಳು ನವಿಲು ನಾಯಿಯಾಗಿ, ಬೇರೆ ಬೇರೆ ಪ್ರಾಣಿಗಳಾಗಿ ಜೊತೆಜೊತೆಗೇ ಹುಟ್ಟುತ್ತಾರೆ. ಈ ಕಥೆಯ ಜೈನ ಪರಂಪರೆಯಲ್ಲಿ, ಒಂದು ಭವದಲ್ಲಿ ಆಡಾಗಿ ಹುಟ್ಟಿದ ಮಗ ತಾಯಾಡನ್ನೇ ಕೂಡಿ, ಆ ಗಳಿಗೆಯಲ್ಲೇ ಸತ್ತು, ಅವಳ ಗರ್ಭಕ್ಕೇ ಮರಳುವ ಪ್ರಸಂಗವುಂಟು. ಈಡಿಪಸನನ್ನು ಹುಡುಕಿ ಗ್ರೀಸಿಗೆ ಹೋಗಬೇಕಾದ ಅಗತ್ಯವಿಲ್ಲ. ಆದರೆ ಇದೊಂದೇ ಬೀಗದ ಕೈಯಿಂದ ಕಾವ್ಯವೆಲ್ಲ ತೆರೆಯಿತೆಂದು ಹಿಗ್ಗುವವರ ಜೊತೆ ನಾನಿಲ್ಲ. ನನಗೆ ಕಾಣುವುದು ಇಷ್ಟೆ: ಹೆಂಡತಿಯ ಮುಂದೆ ಆಡಲಾರದ ಮಾತನ್ನು ಯಶೋಧರ ತಾಯಿಯ ಮುಂದೆಯೂ ಆಡಲಾರ, ಆಕೆ ಹೇಳಿದ್ದಕ್ಕೆ ಅರೆಮನಸ್ಸಿನಿಂದ ಒಪ್ಪುತ್ತಾನೆ. ಆ ಅರೆ ಒಪ್ಪಿಗೆಯ ಗಂಟೇ ಇಬ್ಬರನ್ನೂ ಭವಭವಗಳಲ್ಲಿ ಒಟ್ಟಿಗೆ ಕಟ್ಟಿಹಾಕುತ್ತದೆ.

ಕೊನೆಗೆ ಅವರು ಅಭಯರುಚಿ, ಅಭಯಮತಿಯರೆಂಬ ಅಣ್ಣತಂಗಿಯರಾಗಿ ಹುಟ್ಟುತ್ತಾರೆ. ಮಾರಿದತ್ತನ ಆಳುಗಳು ಚಂಡಮಾರಿಯ ಗುಡಿಗೆ ಎಳೆದು ತಂದದ್ದು ಇವರನ್ನೇ. ಅರಸನ ಖಡ್ಗ ಸಿದ್ಧವಾಗಿದೆ. ಆ ಖಡ್ಗದ ಮುಂದೆ, ಅಷ್ಟು ಜನ್ಮಗಳ ಮೇಲೆ, ಯಶೋಧರ ಮೊತ್ತಮೊದಲ ಬಾರಿಗೆ ನಡೆದದ್ದನ್ನು ಕನಸೆನ್ನದೆ ನಡೆದಂತೆಯೇ ಹೇಳುತ್ತಾನೆ. ಕೇಳಿದ ಮಾರಿದತ್ತನ ಕೈ ಇಳಿಯುತ್ತದೆ.

ಅಮೃತಮತಿಗೆ ಮಾತ್ರ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಜನ್ಮವೊಂದು ದೊರೆಯಲಿಲ್ಲ. ಕವಿ ಅವಳನ್ನು ಕುಷ್ಠಕ್ಕೂ ನರಕಕ್ಕೂ ಒಪ್ಪಿಸಿ ಸುಮ್ಮನಾದ. 1980ರಲ್ಲಿ ಗಿರೀಶ ಕಾರ್ನಾಡರು ಇದೇ ವಸ್ತುವನ್ನೆತ್ತಿಕೊಂಡು, ರಾಜ, ರಾಣಿ, ರಾಜಮಾತೆ, ಮಾವುತ ಎಂಬ ನಾಲ್ವರನ್ನೇ ಪಾಳುಗುಡಿಯ ಕತ್ತಲೆಯಲ್ಲಿ ನಿಲ್ಲಿಸಿ 'ಹಿಟ್ಟಿನ ಹುಂಜ' ನಾಟಕವನ್ನು ಕೊಟ್ಟರು. ಅಲ್ಲಿ ರಾಣಿಗೂ ಮಾತಿದೆ. ತರಗತಿಯಲ್ಲಿ ಎದ್ದು ನಿಲ್ಲುವ ಹುಡುಗಿಗೆ ನಾನು ಜನ್ನನ ಕಾವ್ಯದ ಜೊತೆಗೆ ಆ ನಾಟಕವನ್ನೂ ಓದಲು ಕೊಟ್ಟು ಕಳುಹಿಸುತ್ತೇನೆ.