ಬಾಟಲಿಯಲ್ಲಿ ಹುಟ್ಟಿದ ಬಾಳೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಬಾಳೆ ನೆಡಬೇಕೆಂದರೆ ಹಿಂದೆಲ್ಲ ಪಕ್ಕದ ತೋಟದಿಂದ ಕಂದು ಕಿತ್ತು ತರುವುದೇ ವಾಡಿಕೆ. ಕಂದಿನ ಜೊತೆಗೆ ಆ ತೋಟದ ರೋಗವೂ ಗಾಡಿಯೇರಿ ಬರುತ್ತಿತ್ತು. ಈಗ ಅಂಗಾಂಶ ಕೃಷಿಯ ಸಸಿಗಳೂ ಸಿಗುತ್ತವೆ. ಒಂದೇ ವಯಸ್ಸು, ಒಂದೇ ಎತ್ತರ; ಗೊನೆಯೂ ಹೆಚ್ಚುಕಡಿಮೆ ಒಟ್ಟಿಗೇ. ಬೆಲೆ ಮಾತ್ರ ಕಂದಿಗಿಂತ ಹೆಚ್ಚು. ಅಷ್ಟು ದುಡ್ಡು ಸುರಿದು ತಂದ ಸಸಿ ನಿಜಕ್ಕೂ ಶುದ್ಧವೇ?

ಕಂದಿನ ಎಳೆಯ ಕುಡಿಯನ್ನು ಕತ್ತರಿಸಿ, ತೊಳೆದು, ಸಕ್ಕರೆ, ಲವಣ, ಹಾರ್ಮೋನು ಬೆರೆಸಿದ ಆಹಾರದ ಮೇಲಿಡುತ್ತಾರೆ. ಆ ಆಹಾರವನ್ನು ಮೊದಲೇ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಬೇಯಿಸಿರುತ್ತಾರೆ. ಆದರೆ ಕುಡಿಯ ಒಡಲೊಳಗೇ ಅವಿತಿರುವ ಬ್ಯಾಕ್ಟೀರಿಯಾಗಳಿಗೇನು ಮಾಡುವುದು? ಕಣ್ಣಿಗೆ ಶುಚಿಯಾಗಿ ಕಾಣುವ ಬಾಳೆ ಅಂಗಾಂಶದಲ್ಲೂ ಅವು ಮನೆಮಾಡಿರುವುದನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ.

ಆಂಟಿಬಯೋಟಿಕ್ ಬೆರೆಸಿದರಾಯಿತಲ್ಲ ಎನ್ನಬಹುದು. ತೊಡಕಿರುವುದೇ ಇಲ್ಲಿ. ಎಲೆಗೆ ಹಸಿರು ಕೊಡುವ ಹರಿತ್ಕಣಗಳು, ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಜೀವಕೋಶದೊಳಗೆ ಬಿಡಾರ ಹೂಡಿದ ಬ್ಯಾಕ್ಟೀರಿಯಾಗಳ ಸಂತತಿ. ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನು ಕೆಡಿಸುತ್ತದೆ. ಪ್ರಮಾಣ ಮೀರಿದರೆ ಹರಿತ್ಕಣಕ್ಕೂ ಅದೇ ಪೆಟ್ಟು, ಎಲೆ ಬಿಳಿಚಿಕೊಳ್ಳುತ್ತದೆ. ಕತ್ತಲಲ್ಲಿ ಕುಡಿ ಹೇಗೂ ಬಿಳಿಚಿರುವುದರಿಂದ, ಈ ಹಾನಿ ಬಯಲಾಗುವುದು ಬೆಳಕಿಗಿಟ್ಟಾಗಲೇ. ಸೆಫೊಟ್ಯಾಕ್ಸಿಮ್ ಬ್ಯಾಕ್ಟೀರಿಯಾದ ಕೋಶಭಿತ್ತಿಗೆ ಕೈಹಾಕುತ್ತದೆ. ಗಿಡದ ಕೋಶಭಿತ್ತಿಯ ರಚನೆಯೇ ಬೇರೆಯಾದ್ದರಿಂದ ಅದರ ಕಾಟ ಕಡಿಮೆ.

ಬೆಳಕಿನ ಆಟ ಇಷ್ಟಕ್ಕೇ ಮುಗಿಯದು. ಕತ್ತರಿಸಿದ ಕುಡಿ ಕಪ್ಪಾಗದಿರಲೆಂದು ಮೊದಲ ಕೆಲವು ದಿನ ಕತ್ತಲಲ್ಲಿಡುವುದುಂಟು. ಆಮೇಲೆ ಸಾಮಾನ್ಯವಾಗಿ ದಿನಕ್ಕೆ 16 ಗಂಟೆ ದೀಪದ ಬೆಳಕು ಬೇಕು. ಆದರೆ ಟೆಟ್ರಾಸೈಕ್ಲಿನ್‌ನಂಥ ಔಷಧಿ ಬೆಳಕಿಗೆ ಒಡೆದು ಸತ್ವ ಕಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಸಾಯದೆ ಬರೀ ಮಂಕಾಗಿದ್ದರೆ, ಔಷಧಿಯ ಬಲ ಕುಂದಿದೊಡನೆ ಮತ್ತೆ ತಲೆಯೆತ್ತುತ್ತದೆ. ಹಾಗಾಗಿ ಒಳ್ಳೆಯ ತಾಯಿಗಿಡದ ಆಯ್ಕೆ, ಶುಚಿತ್ವ, ಪರೀಕ್ಷೆ ಇವೇ ಮೊದಲು, ಔಷಧಿ ಕೊನೆಗೆ.

ಬಾಳೆಯನ್ನು ಕುಳ್ಳಾಗಿಸಿ ಎಲೆಗಳನ್ನು ತುದಿಯಲ್ಲಿ ಗೊಂಚಲುಗೂಡಿಸುವ ರೋಗಕ್ಕಂತೂ ವೈರಸ್ ಕಾರಣ. ಅದಕ್ಕೆ ಯಾವ ಆಂಟಿಬಯೋಟಿಕ್ಕೂ ನಾಟದು. ಸಸಿಗಳ ವೈರಸ್ ಪರೀಕ್ಷೆಗೂ ಪ್ರಮಾಣಪತ್ರಕ್ಕೂ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ರಾಷ್ಟ್ರೀಯ ವ್ಯವಸ್ಥೆಯೊಂದನ್ನು ತಂದಿತು. ಸಸಿ ಕೊಳ್ಳುವ ಮುನ್ನ ರೈತರು ಆ ಪ್ರಮಾಣಪತ್ರ ಕೇಳಬೇಕು; ನೆರಳುಮನೆಯಲ್ಲಿ ಬಿಸಿಲಿಗೆ ಮೆಲ್ಲಗೆ ಒಗ್ಗಿಸಿದ ಸಸಿಯೇ ಎಂದೂ ವಿಚಾರಿಸಬೇಕು. ಬಾಟಲಿಯೊಳಗಿನ ದೀಪವನ್ನಷ್ಟೇ ಕಂಡ ಎಳೆಯ ಎಲೆ ಬಯಲಿನ ಬಿಸಿಲನ್ನು ಒಮ್ಮೆಲೇ ತಾಳಲಾರದು.