ಕಾರ್ಖಾನೆ ಮುಚ್ಚಿತು, ಕಾರು ಉಳಿಯಿತು
ಎಂ.ಜಿ.ಬಿ. ಮಾಲೀಕರ ಬಳಗ ಮತ್ತು ಅದು ಬೆಳೆಸಿದ ಬಿಡಿಭಾಗ ಉದ್ಯಮ

ಮಾರಾಟವಾದ ಸರಕಿನೊಂದಿಗೆ ತಯಾರಕನ ಸಂಬಂಧ ಎಷ್ಟು ಕಾಲ ಉಳಿಯುತ್ತದೆ? ಖಾತರಿಯ ಅವಧಿ ಮುಗಿಯುವವರೆಗೆ ಎಂಬುದು ವ್ಯವಹಾರಸ್ಥರ ಸಾಮಾನ್ಯ ಉತ್ತರ. ಆದರೆ ತಯಾರಕನೇ ಬಾಗಿಲು ಮುಚ್ಚಿ ನಾಲ್ಕು ದಶಕಗಳು ಕಳೆದ ಮೇಲೂ ಒಂದು ಸರಕಿಗೆ ಹೊಸ ಖರೀದಿದಾರರು ದೊರೆಯುತ್ತಿದ್ದರೆ, ಅದರ ಬಿಡಿಭಾಗಗಳು ಹೊಸದಾಗಿ ತಯಾರಾಗುತ್ತಿದ್ದರೆ, ಅದರ ಹಿಂದಿನ ಕಾರಣಗಳನ್ನು ಅರಿಯುವುದು ಸಣ್ಣ ಉದ್ದಿಮೆದಾರರಿಗೆ ಪ್ರಯೋಜನಕರ. ಬ್ರಿಟನ್ನಿನ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರು ಅಂತಹ ಒಂದು ಸರಕು.

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ಈ ಮಾರಾಟ ಮಳಿಗೆಯ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್, 1920ರ ದಶಕದಲ್ಲಿ ಸಾಮಾನ್ಯ ಮಾರಿಸ್ ಕಾರುಗಳಿಗೆ ಚುರುಕಾದ ಒಡಲನ್ನು ಹೊದಿಸಿ ಮಾರತೊಡಗಿದರು. ಅದೇ ಮುಂದೆ ಸ್ವತಂತ್ರ ಹೆಸರಾಯಿತು. ನಮ್ಮ ರಸ್ತೆಗಳಲ್ಲಿ 2019ರಿಂದ ಕಾಣುತ್ತಿರುವ, ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವ ಎಂ.ಜಿ. ವಾಹನಗಳ ಮೇಲಿರುವುದು ಅದೇ ಅಷ್ಟಕೋನದ ಲಾಂಛನ.

ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಿಂದ 1962ರಿಂದ 1980ರವರೆಗೆ ಹೊರಬಂದ ಎಂ.ಜಿ.ಬಿ. ಕಾರುಗಳ ಸಂಖ್ಯೆ 5 ಲಕ್ಷಕ್ಕೂ ಅಧಿಕ. ಅವುಗಳಲ್ಲಿ ಹೆಚ್ಚಿನವು ಅಮೆರಿಕಕ್ಕೆ ರಫ್ತಾದವು. 1,798 ಸಿ.ಸಿ. ಸಾಮರ್ಥ್ಯದ ಸರಳ ಎಂಜಿನ್, ಗಂಟೆಗೆ ಸುಮಾರು 160 ಕಿ.ಮೀ. ವೇಗ ಮತ್ತು ಮಧ್ಯಮ ವರ್ಗದವರ ಕೈಗೆಟುಕುವ ಬೆಲೆ ಅದರ ಜನಪ್ರಿಯತೆಗೆ ಕಾರಣವಾದವು. 1979ರ ಸೆಪ್ಟೆಂಬರಿನಲ್ಲಿ ಆಬಿಂಗ್ಡನ್ನಿನಲ್ಲಿ ಎಂ.ಜಿ. ತಯಾರಿಕೆಯ ಸುವರ್ಣ ಮಹೋತ್ಸವ ಮುಗಿದ ಬೆನ್ನಿಗೇ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಮಾಲೀಕರು ತಮ್ಮ ಕಾರುಗಳೊಂದಿಗೆ ಲಂಡನ್ನಿನಲ್ಲಿ ಮೆರವಣಿಗೆ ನಡೆಸಿ ಪ್ರತಿಭಟಿಸಿದರಾದರೂ ಫಲ ದೊರೆಯಲಿಲ್ಲ. 1980ರ ಅಕ್ಟೋಬರಿನಲ್ಲಿ ಕೊನೆಯ ಕಾರು ಹೊರಬಂದಿತು.

ಹೊಸ ಮಾಲೀಕನ ಮೊದಲ ಪಾಠ

ಇಂದು ಇಂತಹ ಕಾರನ್ನು ಮೊದಲ ಬಾರಿಗೆ ಕೊಳ್ಳುವವನು ಬಹುತೇಕ ಅದರ ಹೊಳೆಯುವ ಬಣ್ಣಕ್ಕೆ ಮನಸೋತಿರುತ್ತಾನೆ. ಅಪಾಯ ಇರುವುದು ಬಣ್ಣದ ಕೆಳಗೆ. ಎಂ.ಜಿ.ಬಿ.ಗೆ ಪ್ರತ್ಯೇಕ ಚಾಸಿ ಇಲ್ಲ. ಉಕ್ಕಿನ ಒಡಲೇ ಭಾರವನ್ನೆಲ್ಲ ಹೊರುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ‘ಸಿಲ್’ ಎಂಬ ಪೆಟ್ಟಿಗೆಯಾಕಾರದ ಭಾಗವು ತುಕ್ಕು ಹಿಡಿದರೆ ಕಾರಿನ ಬೆನ್ನೆಲುಬೇ ಶಿಥಿಲವಾದಂತೆ. ಆಯಸ್ಕಾಂತ ಅಂಟದ ಕಡೆ ಉಕ್ಕಿನ ಬದಲು ಪುಟ್ಟಿ ತುಂಬಿದೆ ಎಂಬುದು ಅನುಭವಿಗಳು ಹೊಸಬರಿಗೆ ಹೇಳುವ ಮೊದಲ ಮಾತು. ಸಿಲ್ ಬದಲಿಸುವಾಗ ಒಡಲಿಗೆ ಸರಿಯಾದ ಆಧಾರ ಕೊಟ್ಟು, ಬಾಗಿಲುಗಳನ್ನು ಕೂಡಿಸಿ ಅಂತರವನ್ನು ಪರೀಕ್ಷಿಸುತ್ತಲೇ ಬೆಸುಗೆ ಹಾಕಬೇಕು. ಇಲ್ಲವಾದರೆ ಕೆಲಸ ಮುಗಿದ ಮೇಲೆ ಬಾಗಿಲೇ ಮುಚ್ಚದು. ಮುಂಗಾಲಿಗಳ ಕಿಂಗ್‌ಪಿನ್‌ಗಳಿಗೆ ಸುಮಾರು 4,800 ಕಿ.ಮೀ.ಗೊಮ್ಮೆ ಗ್ರೀಸ್ ತುಂಬಬೇಕು. ಇಂದಿನ ಕಾರುಗಳನ್ನಷ್ಟೇ ಬಲ್ಲ ಮಾಲೀಕನಿಗೆ ಇಂತಹ ವಿಷಯಗಳು ತಾನಾಗಿ ತಿಳಿಯುವುದಿಲ್ಲ.

ಬ್ರಿಟನ್ನಿನ ಕಾನೂನು ಈ ತಿಳಿವಳಿಕೆಯ ಹೊಣೆಯನ್ನು ಇನ್ನಷ್ಟು ಹೆಚ್ಚಿಸಿದೆ. 40 ವರ್ಷ ಮೀರಿದ, ಗಣನೀಯ ಮಾರ್ಪಾಡಿಗೆ ಒಳಗಾಗದ ಕಾರುಗಳಿಗೆ 2018ರ ಮೇ ತಿಂಗಳಿನಿಂದ ಅಲ್ಲಿ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ. ಎಂ.ಜಿ.ಬಿ.ಗಳೆಲ್ಲವೂ ಈಗ ಆ ವಯಸ್ಸನ್ನು ದಾಟಿವೆ. ಪರೀಕ್ಷಕನ ಕಣ್ಣಿಗೆ ಬೀಳಬಹುದಾಗಿದ್ದ ದೋಷವನ್ನು ಈಗ ಮಾಲೀಕನೇ ಕಾಣಬೇಕು. ತಪ್ಪಿದರೆ ನಷ್ಟ ಹಣದ್ದು ಮಾತ್ರವಲ್ಲ, ಪ್ರಾಣದ್ದೂ ಆಗಬಹುದು.

ಸಂಘಗಳ ಪಾತ್ರ

ಈ ಕೊರತೆಯನ್ನು ತುಂಬುವುದು ಮಾಲೀಕರ ಸಂಘಗಳು. ಎಂ.ಜಿ. ಕಾರ್ ಕ್ಲಬ್ ಸ್ಥಾಪನೆಯಾದದ್ದು 1930ರಲ್ಲಿ, ಎಂ.ಜಿ. ಓನರ್ಸ್ ಕ್ಲಬ್ 1973ರಲ್ಲಿ. ಮೊದಲ ಸಂಘದ ಆರಂಭಿಕ ಕಾರ್ಯದರ್ಶಿಯಾಗಿದ್ದ ಜಾನ್ ಥಾರ್ನ್‌ಲಿ ಬಳಿಕ ಕಾರ್ಖಾನೆಯ ಉದ್ಯೋಗಕ್ಕೆ ಸೇರಿ, 1952ರಲ್ಲಿ ಅದರ ಪ್ರಧಾನ ವ್ಯವಸ್ಥಾಪಕರಾದರು. ಗ್ರಾಹಕರ ಬಳಗದ ಮಾತನ್ನು ಬಲ್ಲವರೊಬ್ಬರು ತಯಾರಿಕೆಯ ಹೊಣೆ ಹೊತ್ತ ಅವಧಿಯಲ್ಲೇ ಎಂ.ಜಿ.ಬಿ. ಹುಟ್ಟಿತು ಎಂಬುದು ಗಮನಾರ್ಹ.

ಸಂಘಕ್ಕೆ ಸೇರಿದ ಹೊಸಬನಿಗೆ ಪ್ರವಾಸ, ಸಮಾವೇಶಗಳ ಸಂತೋಷದ ಜೊತೆಗೆ ತಜ್ಞ ಸಲಹೆಯೂ ದೊರೆಯುತ್ತದೆ. ಕಾರಿನ ಸಂಖ್ಯೆಯ ಆಧಾರದಿಂದ ಯಾವ ಭಾಗ ಹೊಂದುತ್ತದೆಂದು ತಿಳಿಯುತ್ತದೆ. ಉದಾಹರಣೆಗೆ, 1974ರ ಕೊನೆಯ ಭಾಗದಿಂದ ಕ್ರೋಮ್ ಬಂಪರ್ ಬದಲಾಗಿ ಕಪ್ಪು ಬಂಪರ್ ಬಂದಿತು, ಕಾರಿನ ಎತ್ತರವೂ ಬದಲಾಯಿತು. ಇದನ್ನು ಅರಿಯದೆ ಬಿಡಿಭಾಗ ತರಿಸಿದವನ ಹಣ ವ್ಯರ್ಥ.

ಬೇಡಿಕೆಯಿಂದ ಉದ್ಯಮ

ಚದುರಿದ ಬೇಡಿಕೆಯನ್ನು ಬಳಗವು ಒಟ್ಟುಗೂಡಿಸಿದಾಗ ಅದೊಂದು ಮಾರುಕಟ್ಟೆಯಾಗುತ್ತದೆ. 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಲ್ ಮಾಸ್ ತೆರೆದ ಪುಟ್ಟ ದುರಸ್ತಿ ಕಾರ್ಯಾಗಾರವು ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಬಿಡಿಭಾಗ ಪೂರೈಸುವ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಬ್ರಿಟನ್ನಿನಲ್ಲಿ 1975ರಲ್ಲಿ ಆರಂಭವಾದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆಯು ಎಂ.ಜಿ.ಬಿ.ಯ ಮೂಲ ಅಚ್ಚುಗಳನ್ನು ಹುಡುಕಿ ಕಲೆಹಾಕಿ, 1988ರಲ್ಲಿ ಸಂಪೂರ್ಣ ಒಡಲನ್ನೇ ಹೊಸದಾಗಿ ಮಾರುಕಟ್ಟೆಗೆ ತಂದಿತು. ತುಕ್ಕು ತಿಂದ ಕಾರಿನ ಎಂಜಿನ್, ಚಕ್ರಗಳನ್ನು ಹೊಸ ಒಡಲಿಗೆ ವರ್ಗಾಯಿಸುವುದು ಸಾಧ್ಯವಾಯಿತು. ಇದರ ಫಲವಾಗಿ 1992ರಲ್ಲಿ ಮೂಲ ಕಂಪನಿಯೇ ಇದೇ ಒಡಲಿನ ಆಧಾರದಲ್ಲಿ ಆರ್.ವಿ.8 ಎಂಬ ಹೊಸ ಕಾರನ್ನು ತಂದಿತು. ಸುಮಾರು 2,000 ಕಾರುಗಳು ತಯಾರಾಗಿ, ಬಹುಪಾಲು ಜಪಾನಿಗೆ ಹೋದವು. ಬಿಡಿಭಾಗದ ವ್ಯಾಪಾರವು ತಯಾರಕನನ್ನೇ ಹಿಂದಕ್ಕೆ ಕರೆತಂದ ಅಪರೂಪದ ನಿದರ್ಶನ ಇದು.

ಆದರೆ ಈ ಮಾರುಕಟ್ಟೆ ಕಳಪೆಯನ್ನು ಬಹುಕಾಲ ಸಹಿಸುವುದಿಲ್ಲ. ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಅತಿ ಅಗ್ಗದ ಭಾಗಗಳಲ್ಲೊಂದು. ಹೊಸದಾಗಿ ತಯಾರಾದ ಕೆಲವು ರೋಟರುಗಳಲ್ಲಿ ವಿದ್ಯುತ್ತು ರಿವೆಟ್ ಮೂಲಕ ಸೋರಿ, ಕಾರು ನಡುದಾರಿಯಲ್ಲಿ ನಿಲ್ಲತೊಡಗಿತು. ಮಾಲೀಕರು ಪರಸ್ಪರ ಅನುಭವ ಹೋಲಿಸಿ ದೋಷವನ್ನು ಗುರುತಿಸಿದರು. ರಿವೆಟ್ ಇಲ್ಲದ, ಉತ್ತಮ ವಸ್ತುವಿನ ಕೆಂಪು ರೋಟರನ್ನು ಸಣ್ಣ ತಯಾರಕರೊಬ್ಬರು ಹೊರತಂದಾಗ, ಹೆಚ್ಚು ಬೆಲೆ ಕೊಟ್ಟೂ ಅದನ್ನೇ ಕೊಂಡರು. ಹಾಗೆಯೇ ಬ್ರಿಟನ್ನಿನಲ್ಲಿ 2000ದಲ್ಲಿ ಸೀಸಯುಕ್ತ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಾಗ ಗಟ್ಟಿಗೊಳಿಸಿದ ವಾಲ್ವ್ ಸೀಟುಗಳಿಗೆ ಬೇಡಿಕೆ ಹುಟ್ಟಿತು, 2021ರಲ್ಲಿ ಶೇ. 10 ಎಥನಾಲ್ ಮಿಶ್ರಣ ಬಂದಾಗ, ಅದನ್ನು ತಾಳಿಕೊಳ್ಳುವ ರಬ್ಬರ್ ಕೊಳವೆಗಳಿಗೆ.

ನಮ್ಮವರಿಗೆ ಏನು ಪ್ರಸ್ತುತ?

ಭಾರತದಲ್ಲಿಯೂ ಹಳೆಯ ವಾಹನಗಳಿಗೆ ಕಾನೂನಿನ ಮಾನ್ಯತೆ ದೊರೆತಿದೆ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ವಾಹನಗಳನ್ನು ರೂ. 20,000 ಶುಲ್ಕ ಕಟ್ಟಿ ವಿಂಟೇಜ್ ವರ್ಗದಲ್ಲಿ 10 ವರ್ಷಕ್ಕೆ ನೋಂದಾಯಿಸಬಹುದು. ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಮೂಲ ಸ್ವರೂಪ ಉಳಿಯಬೇಕೆಂಬ ಷರತ್ತೇ ಮೂಲಕ್ಕೆ ಸರಿಹೊಂದುವ ಬಿಡಿಭಾಗಗಳ ಅಗತ್ಯವನ್ನು ಸೂಚಿಸುತ್ತದೆ. ದೇಶದಾದ್ಯಂತ ಬಳಕೆಗೆ ಬಂದಿರುವ ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲ್, ಹಳೆಯ ರಬ್ಬರ್ ಭಾಗಗಳ ಪ್ರಶ್ನೆಯನ್ನು ಇಲ್ಲಿಯೂ ಮುಂದಿಟ್ಟಿದೆ.

ಸಾವಿರಗಳ ಲೆಕ್ಕದ ಉತ್ಪಾದನೆಗೆ ಇಂತಹ ಬೇಡಿಕೆ ಸಾಲದು ಎಂದು ದೊಡ್ಡ ಕಾರ್ಖಾನೆಗಳು ಕೈಬಿಡುತ್ತವೆ. ಐವತ್ತು, ನೂರು ಸಂಖ್ಯೆಯ ತಯಾರಿಕೆಯನ್ನು ಅಳತೆ ತಪ್ಪದಂತೆ ಮಾಡಬಲ್ಲ ಸಣ್ಣ ಘಟಕಕ್ಕೆ ಅದೇ ಅವಕಾಶ. ಹಾಗೆಂದು ಅದು ಸುಲಭದ ಲಾಭವಲ್ಲ: ಸರಿಯಾದ ನಕ್ಷೆ, ಒಪ್ಪುವ ಲೋಹ ಅಥವಾ ರಬ್ಬರ್, ದೂರು ಬಂದಾಗ ಒಪ್ಪಿಕೊಳ್ಳುವ ಮನಸ್ಸು ಬೇಕು. ಇಂದು ಕಾರು ಕೊಂಡವನು ಮೊದಲ ವರ್ಷದಲ್ಲೇ ಬೇಸತ್ತು ಅದನ್ನು ಗುಜರಿಗೆ ಹಾಕಿದರೆ ಮುಂದಿನ ಮೂವತ್ತು ವರ್ಷಗಳ ಗ್ರಾಹಕನೊಬ್ಬ ಕಳೆದುಹೋದಂತೆ. ಎಂ.ಜಿ. ಬಳಗದ ಹಿರಿಯರು ಹೊಸಬನ ಪಕ್ಕದಲ್ಲಿ ಕುಳಿತು ಗ್ರೀಸ್ ತುಂಬುವುದನ್ನು ಕಲಿಸುವುದರಲ್ಲಿ ಸ್ನೇಹದಷ್ಟೇ ವ್ಯವಹಾರ ಜಾಣ್ಮೆಯೂ ಇದೆ.